ಬೊಜ್ಜು ಮತ್ತು ಕಬ್ಬಿಣಾಂಶ: ರಕ್ತದಲ್ಲಿ ಕೊರತೆ, ಕೊಬ್ಬಿನಲ್ಲಿ ದಾಸ್ತಾನು

ಉದಾಹರಣೆಗೆ ಇಂಥದೊಂದು ಲ್ಯಾಬ್ ವರದಿ ಇದೆ ಎಂದುಕೊಳ್ಳಿ. 38 ವರ್ಷದ ಮಹಿಳೆ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 32. ಹಿಮೋಗ್ಲೋಬಿನ್ ಡೆಸಿಲೀಟರಿಗೆ 11.4 ಗ್ರಾಂ. ಕಬ್ಬಿಣದ ದಾಸ್ತಾನನ್ನು ಸೂಚಿಸುವ ಫೆರಿಟಿನ್ ಮಿಲಿಲೀಟರಿಗೆ 62 ನ್ಯಾನೋಗ್ರಾಂ. ಸೀರಂ ಐರನ್ (ರಕ್ತದಲ್ಲಿ ಓಡಾಡುವ ಕಬ್ಬಿಣ) 42, ಟಿಐಬಿಸಿ (ರಕ್ತ ಒಟ್ಟು ಹೊರಬಲ್ಲ ಕಬ್ಬಿಣ) 360, ಎರಡೂ ಡೆಸಿಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ. ಉರಿಯೂತವನ್ನು ಸೂಚಿಸುವ ಸಿಆರ್‌ಪಿ ಲೀಟರಿಗೆ 9 ಮಿಲಿಗ್ರಾಂ. ಫೆರಿಟಿನ್ ಮುಂದೆ ಲ್ಯಾಬ್ ಯಾವ ಗುರುತನ್ನೂ ಹಾಕಿಲ್ಲ, ಏಕೆಂದರೆ ಅವರು ಮುದ್ರಿಸುವ ಮಿತಿಯೊಳಗೇ ಆ ಸಂಖ್ಯೆ ಇದೆ. ‘ಕಬ್ಬಿಣಾಂಶ ಸರಿ ಇದೆ, ತೂಕ ಇಳಿಸಿ’ ಎಂಬ ಸಲಹೆಯೊಂದಿಗೆ ಆಕೆ ಮನೆಗೆ ಹೋಗುವ ಸಾಧ್ಯತೆಯೇ ಹೆಚ್ಚು. ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು ಇವೆಲ್ಲ ತೂಕದ ಲೆಕ್ಕಕ್ಕೇ ಸೇರಿಹೋಗುತ್ತವೆ.

ಆದರೆ ಈ ವರದಿಯಲ್ಲಿ ಕಬ್ಬಿಣಾಂಶದ ಕೊರತೆ ಇದೆ. ಇನ್ನೂ ಕಾಡುವ ವಿಷಯವೆಂದರೆ, ರಕ್ತ ತಯಾರಿಸುವ ಮೂಳೆಮಜ್ಜೆಗೆ ಸಿಗದ ಕಬ್ಬಿಣ ಅದೇ ದೇಹದ ಕೊಬ್ಬಿನ ಕೋಶಗಳಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿ ಕೂತಿರಬಹುದು. ಬೊಜ್ಜಿನಲ್ಲಿ ಕಬ್ಬಿಣ ‘ಎಷ್ಟಿದೆ’ ಎಂಬುದಕ್ಕಿಂತ ‘ಎಲ್ಲಿದೆ’ ಎಂಬುದೇ ದೊಡ್ಡ ಪ್ರಶ್ನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಇತ್ತು, ಸುಮಾರು ಶೇಕಡಾ 30 ಮಂದಿ ಅಧಿಕ ತೂಕ ಅಥವಾ ಬೊಜ್ಜಿನವರಾಗಿದ್ದರು. ಇಷ್ಟು ದೊಡ್ಡ ಎರಡು ಗುಂಪುಗಳು ಒಂದರ ಮೇಲೊಂದು ಹಾಯದೆ ಇರಲಾರವು. ಆದರೂ ರಕ್ತಹೀನತೆ ಎಂದರೆ ಬಡಕಲು ದೇಹ ಎಂಬ ಚಿತ್ರ ನಮ್ಮ ತಲೆಯಿಂದ ಹೋಗಿಲ್ಲ.

ದೇಹದ ಕಬ್ಬಿಣದ ಲೆಕ್ಕ

ವಯಸ್ಕರ ದೇಹದಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣ ಇರುತ್ತದೆ, ಮುಟ್ಟಾಗುವ ಮಹಿಳೆಯರಲ್ಲಿ ಇನ್ನೂ ಸ್ವಲ್ಪ ಕಡಿಮೆ. ಅದರ ಮೂರನೇ ಎರಡು ಭಾಗ ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲಿದೆ. ಉಳಿದದ್ದು ಯಕೃತ್ತಿನಲ್ಲಿ, ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳಲ್ಲಿ, ಸ್ನಾಯುಗಳಲ್ಲಿ ಮತ್ತು ಕೋಶಗಳಿಗೆ ಶಕ್ತಿ ತಯಾರಿಸಿಕೊಡುವ ಮೈಟೋಕಾಂಡ್ರಿಯಾದಲ್ಲಿ ಹಂಚಿಕೊಂಡಿದೆ.

ಹೊಸ ಕೆಂಪು ಕಣಗಳನ್ನು ಕಟ್ಟಲು ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಆಹಾರದಿಂದ ಒಳಬರುವುದು ದಿನಕ್ಕೆ 1ರಿಂದ 2 ಮಿಲಿಗ್ರಾಂ ಮಾತ್ರ. ಮಿಕ್ಕಿದ್ದೆಲ್ಲ ಮರುಬಳಕೆಯದು. ಮುಪ್ಪಾದ ಕೆಂಪು ಕಣಗಳನ್ನು ಗುಲ್ಮ ಮತ್ತು ಯಕೃತ್ತಿನ ಮ್ಯಾಕ್ರೋಫೇಜ್‌ಗಳು ನುಂಗಿ, ಒಡೆದು, ಅವುಗಳ ಕಬ್ಬಿಣವನ್ನು ಮತ್ತೆ ರಕ್ತಕ್ಕೆ ಬಿಡುತ್ತವೆ. ಹೆಚ್ಚಾದ ಕಬ್ಬಿಣವನ್ನು ಬೇಕೆಂದಾಗ ಹೊರಹಾಕುವ ದಾರಿ ನಮ್ಮ ದೇಹಕ್ಕಿಲ್ಲ. ಚರ್ಮ ಮತ್ತು ಕರುಳಿನ ಕೋಶಗಳು ಉದುರುವಾಗ ಸ್ವಲ್ಪ ಹೋಗುತ್ತದೆ, ರಕ್ತಸ್ರಾವವಾದರೆ ಹೋಗುತ್ತದೆ, ಅಷ್ಟೇ. ಹಾಗಾಗಿ ನಿಯಂತ್ರಣವೆಲ್ಲ ಒಳಬರುವ ದಾರಿಯಲ್ಲಿ ಮತ್ತು ಒಂದು ಕೋಶದಿಂದ ಇನ್ನೊಂದಕ್ಕೆ ಸಾಗುವ ದಾರಿಯಲ್ಲಿ ನಡೆಯಬೇಕು.

ಆ ದಾರಿಯ ಹೆಸರು ಫೆರೋಪೋರ್ಟಿನ್. ಕೋಶದ ಒಳಗಿನ ಕಬ್ಬಿಣವನ್ನು ಹೊರಗೆ ಬಿಡುವ, ನಮಗೆ ಗೊತ್ತಿರುವ ಏಕೈಕ ಪ್ರೋಟೀನ್ ಇದು. ಕರುಳಿನ ಒಳಪದರದಲ್ಲಿ, ಮ್ಯಾಕ್ರೋಫೇಜ್‌ಗಳಲ್ಲಿ, ಯಕೃತ್ತಿನ ಕೋಶಗಳಲ್ಲಿ ಇದಿದೆ, ಕೊಬ್ಬಿನ ಕೋಶಗಳಲ್ಲೂ ಇದೆ. ಕೆರೆಯ ತೂಬಿನಂತೆ ಇದನ್ನು ತೆರೆಯಬಹುದು, ಮುಚ್ಚಬಹುದು. ಮುಚ್ಚುವ ಕೆಲಸ ಹೆಪ್ಸಿಡಿನ್ ಎಂಬ ಹಾರ್ಮೋನಿನದು. ಕೇವಲ 25 ಅಮೈನೋ ಆಮ್ಲಗಳ ಈ ಪುಟ್ಟ ಪೆಪ್ಟೈಡನ್ನು ಮುಖ್ಯವಾಗಿ ಯಕೃತ್ತು ತಯಾರಿಸುತ್ತದೆ. ಹೆಪ್ಸಿಡಿನ್ ಬಂದು ಅಂಟಿಕೊಂಡರೆ ಫೆರೋಪೋರ್ಟಿನ್ ಕೋಶದೊಳಕ್ಕೆ ಎಳೆಯಲ್ಪಟ್ಟು ನಾಶವಾಗುತ್ತದೆ. ಆಮೇಲೆ ಕರುಳಿನ ಕೋಶಕ್ಕೆ ಬಂದ ಕಬ್ಬಿಣ ಅಲ್ಲೇ ಉಳಿದು, ಕೆಲವು ದಿನಗಳಲ್ಲಿ ಆ ಕೋಶ ಉದುರಿದಾಗ ಮಲದಲ್ಲಿ ಹೋಗಿಬಿಡುತ್ತದೆ. ಮ್ಯಾಕ್ರೋಫೇಜ್‌ನಲ್ಲಿದ್ದದ್ದು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಕಬ್ಬಿಣ ಹೆಚ್ಚಾದಾಗ ಹೆಪ್ಸಿಡಿನ್ ಏರುವುದು, ಕಡಿಮೆಯಾದಾಗ ಇಳಿಯುವುದು ಸಹಜ ವ್ಯವಸ್ಥೆ. ಅದನ್ನು ಏರಿಸುವ ಎರಡನೆಯ ಕಾರಣ ಉರಿಯೂತ. ರೋಗಾಣು ಬಂದಾಗ ಅವುಗಳಿಗೂ ಕಬ್ಬಿಣ ಬೇಕು, ಆದ್ದರಿಂದ ದೇಹ ರಕ್ತದ ಕಬ್ಬಿಣವನ್ನು ತಕ್ಷಣ ಬಚ್ಚಿಡುತ್ತದೆ. ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಯಕೃತ್ತಿಗೆ ಸುದ್ದಿ ಮುಟ್ಟಿಸಿ ಹೆಪ್ಸಿಡಿನ್ ಏರಿಸುತ್ತದೆ. ಒಂದು ವಾರದ ಜ್ವರಕ್ಕೆ ಇದು ಒಳ್ಳೆಯ ರಕ್ಷಣೆ. ವರ್ಷಗಟ್ಟಲೆ ನಡೆದರೆ ಇದೇ ಕಾಯಿಲೆ.

ಬೊಜ್ಜು ಎಲ್ಲಿ ಬಂದು ಸೇರುತ್ತದೆ

ಬೊಜ್ಜಿನ ಹದಿಹರೆಯದವರ ರಕ್ತದಲ್ಲಿ ಕಬ್ಬಿಣ ಕಡಿಮೆ ಇರುತ್ತದೆ ಎಂಬುದು ಹೊಸ ಸಂಗತಿಯೇನಲ್ಲ. ವೆಂಜೆಲ್ ಮತ್ತು ಸಂಗಡಿಗರು 1962ರಲ್ಲೇ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದ್ದರು. ಆಗ ಹೆಪ್ಸಿಡಿನ್ ಯಾರಿಗೂ ಗೊತ್ತಿರಲಿಲ್ಲ. ಅದು ಪತ್ತೆಯಾದದ್ದು 2000ದ ಆಸುಪಾಸಿನಲ್ಲಿ. ಊಟದಲ್ಲಿ ಸಾರವಿಲ್ಲ, ದೊಡ್ಡ ದೇಹಕ್ಕೆ ರಕ್ತದ ಪ್ರಮಾಣವೂ ಹೆಚ್ಚು ಬೇಕು ಎಂಬಂಥ ವಿವರಣೆಗಳಿದ್ದವು. ಅವೂ ಸುಳ್ಳಲ್ಲ, ಆದರೆ ಪೂರ್ತಿ ಉತ್ತರವೂ ಅಲ್ಲ.

ಕೊಬ್ಬಿನ ಕೋಶ ಎಣ್ಣೆ ತುಂಬಿಟ್ಟ ಸುಮ್ಮನೆಯ ಚೀಲವಲ್ಲ. ಲೆಪ್ಟಿನ್, ಅಡಿಪೋನೆಕ್ಟಿನ್ ಮುಂತಾದ ಹಾರ್ಮೋನುಗಳನ್ನು ಸ್ರವಿಸುವ ಅಂಗ ಅದು. ತೂಕ ಏರುತ್ತ ಹೋದಂತೆ ಈ ಕೋಶಗಳು ಉಬ್ಬುತ್ತವೆ, ಅವುಗಳಿಗೆ ಆಮ್ಲಜನಕ ಸಾಲದಾಗುತ್ತದೆ, ಕೆಲವು ಸಾಯುತ್ತವೆ. ಸತ್ತ ಕೋಶವನ್ನು ಸುತ್ತುವರಿದು ತೆಗೆಯಲು ಮ್ಯಾಕ್ರೋಫೇಜ್‌ಗಳು ಬರುತ್ತವೆ. ಸಣ್ಣ ಮೈಯವರ ಕೊಬ್ಬಿನ ಅಂಗಾಂಶದಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಇರುವ ಈ ಕೋಶಗಳು ತೀವ್ರ ಬೊಜ್ಜಿನಲ್ಲಿ ಶೇಕಡಾ 40ನ್ನೂ ದಾಟಬಹುದು. ಅಲ್ಲಿಂದ ಇಂಟರ್‌ಲ್ಯೂಕಿನ್-6 ಸಣ್ಣ ಪ್ರಮಾಣದಲ್ಲಿ, ಆದರೆ ಬಿಡುವಿಲ್ಲದೆ ರಕ್ತಕ್ಕೆ ಸೇರುತ್ತದೆ. ಲೆಪ್ಟಿನ್ ಕೂಡ ಹೆಪ್ಸಿಡಿನ್‌ ಏರಿಸಬಲ್ಲದು. ಕೊಬ್ಬಿನ ಅಂಗಾಂಶ ತಾನೇ ಸ್ವಲ್ಪ ಹೆಪ್ಸಿಡಿನ್ ತಯಾರಿಸುತ್ತದಾದರೂ ರಕ್ತದಲ್ಲಿ ಓಡಾಡುವ ಬಹುಪಾಲು ಯಕೃತ್ತಿನದೇ.

ಪರಿಣಾಮ ಎರಡು ಕಡೆ ಕಾಣುತ್ತದೆ. ಕರುಳಿನಲ್ಲಿ ತೂಬು ಅರ್ಧ ಮುಚ್ಚಿರುವುದರಿಂದ ತಿಂದ ಕಬ್ಬಿಣ ಪೂರ್ತಿ ಒಳಬರುವುದಿಲ್ಲ. ಮ್ಯಾಕ್ರೋಫೇಜ್‌ಗಳಲ್ಲಿ ಮರುಬಳಕೆಯ ಕಬ್ಬಿಣ ನಿಂತುಬಿಡುತ್ತದೆ. ಥಾಯ್ಲೆಂಡಿನ ಮಹಿಳೆಯರು ಹಾಗೂ ಮೊರಾಕೊ ಮತ್ತು ಭಾರತದ ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೈತೂಕ ಹೆಚ್ಚಿದ್ದಷ್ಟೂ ಕಬ್ಬಿಣ ಹೀರಿಕೆ ಕಡಿಮೆ ಇತ್ತು. ಕಬ್ಬಿಣ ಬೆರೆಸಿದ ಆಹಾರ ಕೊಟ್ಟಾಗಲೂ ತೂಕ ಹೆಚ್ಚಿದ್ದ ಮಕ್ಕಳಲ್ಲಿ ಸುಧಾರಣೆ ಕಡಿಮೆ. ಶಾಲೆಯ ಊಟದಲ್ಲಿ ಕಬ್ಬಿಣ ಸೇರಿಸಿದರೆ ಎಲ್ಲ ಮಕ್ಕಳಿಗೂ ಸಮಾನವಾಗಿ ತಲುಪುತ್ತದೆ ಎಂದು ಯೋಜನೆ ಹಾಕುವವರು ಇದನ್ನು ಗಮನಿಸಬೇಕು.

ಕೊಬ್ಬಿನ ಅಂಗಾಂಶದ ಒಳಗೆ

ಇಲ್ಲಿಯವರೆಗಿನ ಮಾತು ವೈದ್ಯರಿಗೆಲ್ಲ ಪರಿಚಿತ. ಮುಂದಿನದು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ತೆರೆದುಕೊಂಡ ಭಾಗ, ಬಹುಪಾಲು ಇಲಿಗಳ ಮೇಲಿನ ಪ್ರಯೋಗಗಳಿಂದ ಬಂದದ್ದು. ಮನುಷ್ಯರಿಗೆ ಅದನ್ನು ಹಾಗೆಯೇ ಅನ್ವಯಿಸುವಂತಿಲ್ಲ. ಆದರೂ ಇದನ್ನು ತಿಳಿಯದೆ ಬೊಜ್ಜು ಮತ್ತು ಮಧುಮೇಹದ ನಡುವಿನ ಒಂದು ಮುಖ್ಯ ಕೊಂಡಿ ಕಾಣುವುದಿಲ್ಲ.

ಆರೋಗ್ಯವಂತ ಕೊಬ್ಬಿನಲ್ಲಿ ಕಬ್ಬಿಣ ನೋಡಿಕೊಳ್ಳುವ ವಿಶೇಷ ಮ್ಯಾಕ್ರೋಫೇಜ್‌ಗಳಿವೆ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಇವುಗಳನ್ನು ವಿವರಿಸಿದರು. ತೆಳ್ಳಗಿನ ಇಲಿಗಳ ಕೊಬ್ಬಿನಲ್ಲಿರುವ ಮ್ಯಾಕ್ರೋಫೇಜ್‌ಗಳಲ್ಲಿ ಸುಮಾರು ಕಾಲುಭಾಗ ಈ ಬಗೆಯವು. ಕಬ್ಬಿಣ ಎಷ್ಟು ತುಂಬಿರುತ್ತದೆಂದರೆ ಆಯಸ್ಕಾಂತ ಬಳಸಿ ಇವನ್ನು ಉಳಿದ ಕೋಶಗಳಿಂದ ಬೇರ್ಪಡಿಸಬಹುದು. ಉರಿಯೂತ ತಣಿಸುವ ಸ್ವಭಾವ ಇವುಗಳದು. ಸುತ್ತಲಿನ ಹೆಚ್ಚುವರಿ ಕಬ್ಬಿಣವನ್ನು ತಾವು ಇಟ್ಟುಕೊಂಡು ಕೊಬ್ಬಿನ ಕೋಶಗಳಿಗೆ ಹಿತಮಿತವಾಗಿ ಸಿಗುವಂತೆ ನೋಡಿಕೊಳ್ಳುತ್ತವೆ. ಇಲಿಗಳಿಗೆ ಕೊಬ್ಬಿನ ಆಹಾರ ಕೊಟ್ಟು ಬೊಜ್ಜು ಬರಿಸಿದಾಗ ಈ ಕೋಶಗಳು ಕಬ್ಬಿಣ ಹಿಡಿದಿಡುವ ಸಾಮರ್ಥ್ಯವನ್ನು ಕಳೆದುಕೊಂಡವು, ಉರಿಯೂತದ ಕಡೆಗೆ ವಾಲಿದವು. ಅದೇ ಹೊತ್ತಿಗೆ ಕೊಬ್ಬಿನ ಕೋಶಗಳೊಳಗೆ ಕಬ್ಬಿಣ ಏರಿತು.

ಕೊಬ್ಬಿನ ಕೋಶದಲ್ಲಿ ಕಬ್ಬಿಣ ಹೆಚ್ಚಾದರೆ ಏನಾಗುತ್ತದೆ? ಮೊದಲ ಏಟು ಅಡಿಪೋನೆಕ್ಟಿನ್ ಮೇಲೆ. ಸ್ನಾಯು ಮತ್ತು ಯಕೃತ್ತು ಇನ್ಸುಲಿನ್ನಿನ ಮಾತು ಕೇಳುವಂತೆ ಮಾಡುವ ಹಾರ್ಮೋನ್ ಇದು. ಅಮೆರಿಕದ ಸಂಶೋಧಕ ಮೆಕ್‌ಕ್ಲೇನ್ ಅವರ ತಂಡ 2012ರಲ್ಲಿ ತೋರಿಸಿದಂತೆ, ಕಬ್ಬಿಣ ಹೆಚ್ಚಿರುವ ಆಹಾರ ತಿಂದ ಇಲಿಗಳಲ್ಲಿ ಅಡಿಪೋನೆಕ್ಟಿನ್ ತಯಾರಿಕೆ ತಗ್ಗಿತು. ಕೊಬ್ಬಿನ ಕೋಶದಿಂದ ಮಾತ್ರ ಫೆರೋಪೋರ್ಟಿನ್ ತೆಗೆದುಹಾಕಿದ ಇಲಿಗಳಲ್ಲಿ, ಅಂದರೆ ಹೊರದಾರಿ ಮುಚ್ಚಿದಾಗ, ಅಡಿಪೋನೆಕ್ಟಿನ್ ಇಳಿದು ಇನ್ಸುಲಿನ್ ಪ್ರತಿರೋಧ ಬಂತು. ಮನುಷ್ಯರಲ್ಲೂ ಫೆರಿಟಿನ್ ಹೆಚ್ಚಿದ್ದವರಲ್ಲಿ ಅಡಿಪೋನೆಕ್ಟಿನ್ ಕಡಿಮೆ ಎಂದು ಅದೇ ಅಧ್ಯಯನ ಕಂಡಿತು. ಇದೇ ತಂಡ 2015ರಲ್ಲಿ ಇನ್ನೊಂದು ವಿಷಯ ಹೊರತಂದಿತು: ಕೊಬ್ಬಿನ ಕೋಶದ ಕಬ್ಬಿಣ ಲೆಪ್ಟಿನ್ನನ್ನೂ ತಗ್ಗಿಸುತ್ತದೆ. ‘ಹೊಟ್ಟೆ ತುಂಬಿತು’ ಎಂಬ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟದೆ ಇಲಿಗಳು ಹೆಚ್ಚು ತಿಂದವು.

ಎರಡನೆಯ ಏಟು ರಾಸಾಯನಿಕವಾದದ್ದು. ಫೆರಿಟಿನ್ ಎಂಬ ಪ್ರೋಟೀನಿನ ಗೂಡಿನೊಳಗೆ ಇರುವ ಕಬ್ಬಿಣ ನಿರುಪದ್ರವಿ. ಬಂಧನವಿಲ್ಲದೆ ಓಡಾಡುವ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಪ್ರತಿಕ್ರಿಯಿಸಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಉಂಟುಮಾಡುತ್ತದೆ, ಫೆಂಟನ್ ಕ್ರಿಯೆ ಎಂದರೆ ಇದೇ. ಆ ರ‍್ಯಾಡಿಕಲ್ ಕೈಗೆ ಸಿಕ್ಕ ಕೊಬ್ಬಿನ ಅಣುಗಳನ್ನೆಲ್ಲ ಆಕ್ಸಿಡೀಕರಿಸುತ್ತದೆ. ಕೊಬ್ಬಿನಿಂದಲೇ ತುಂಬಿದ ಕೋಶದಲ್ಲಿ ಇಂಥದು ನಡೆಯುವುದು ಎಷ್ಟು ಅಪಾಯಕಾರಿ ಎಂದು ಊಹಿಸಬಹುದು. ಮೈಟೋಕಾಂಡ್ರಿಯಾ ಹಾಳಾಗುತ್ತವೆ, ಇನ್ಸುಲಿನ್ನಿನ ಸಂಕೇತ ಕುಗ್ಗುತ್ತದೆ, ಕೊಬ್ಬನ್ನು ಹಿಡಿದಿಡಲಾಗದ ಕೋಶ ಅದನ್ನು ರಕ್ತಕ್ಕೆ ಸೋರಿಬಿಡುತ್ತದೆ. ಹೀಗೆ ಸೋರಿದ ಕೊಬ್ಬು ಯಕೃತ್ತು ಮತ್ತು ಸ್ನಾಯುಗಳಲ್ಲಿ ಹೋಗಿ ಕೂರುತ್ತದೆ.

ಇದರ ತಿರುಗುಮುರುಗು ಪ್ರಯೋಗ ಇನ್ನೂ ಸ್ವಾರಸ್ಯಕರ. ಅಮೆರಿಕದ ಡಲ್ಲಾಸ್‌ನಲ್ಲಿರುವ ಸಂಶೋಧಕ ಶೆರರ್ ಅವರ ಪ್ರಯೋಗಾಲಯ ಮೈಟೋನೀಟ್ ಎಂಬ ಪ್ರೋಟೀನನ್ನು ಇಲಿಗಳ ಕೊಬ್ಬಿನ ಕೋಶಗಳಲ್ಲಿ ಹೆಚ್ಚಿಸಿತು. ಕಬ್ಬಿಣ ಮೈಟೋಕಾಂಡ್ರಿಯಾದ ಒಳಕ್ಕೆ ಹೋಗುವುದನ್ನು ಇದು ತಡೆಯುತ್ತದೆ. 2012ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಇಲಿಗಳು ವಿಪರೀತ ದಪ್ಪಗಾದವು, ಆದರೆ ಅವುಗಳ ಇನ್ಸುಲಿನ್ ಸ್ಪಂದನೆ ಚೆನ್ನಾಗಿಯೇ ಉಳಿಯಿತು. ತೂಕ ಒಂದೇ ಅಲ್ಲ, ಕೊಬ್ಬಿನ ಕೋಶದ ಆರೋಗ್ಯವೇ ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. 2021ರಲ್ಲಿ ಅದೇ ಪ್ರಯೋಗಾಲಯ ಕೊಬ್ಬಿನ ಕೋಶದ ಕಬ್ಬಿಣವನ್ನು ಕಡಿಮೆ ಮಾಡಿದ ಇಲಿಗಳು ಕೊಬ್ಬಿನ ಆಹಾರ ತಿಂದರೂ ಅಷ್ಟಾಗಿ ದಪ್ಪಗಾಗಲಿಲ್ಲವೆಂದೂ, ಅವುಗಳ ಕರುಳು ಕೊಬ್ಬನ್ನು ಕಡಿಮೆ ಹೀರಿತೆಂದೂ ತೋರಿಸಿತು.

ಹಾಗಾದರೆ ಕೊಬ್ಬಿಗೆ ಕಬ್ಬಿಣವೇ ಬೇಡವೆ? ಬೇಕು. ಹೊಸ ಕೊಬ್ಬಿನ ಕೋಶ ರೂಪುಗೊಳ್ಳುವಾಗ ಮೈಟೋಕಾಂಡ್ರಿಯಾ ಕಟ್ಟಲು ಕಬ್ಬಿಣ ಬೇಕು. ಶಾಖ ಹುಟ್ಟಿಸುವ ಕಂದು ಕೊಬ್ಬಿಗೆ ಆ ಬಣ್ಣ ಬಂದದ್ದೇ ಮೈಟೋಕಾಂಡ್ರಿಯಾದ ಕಬ್ಬಿಣಯುಕ್ತ ಪ್ರೋಟೀನುಗಳಿಂದ. ರಕ್ತದಲ್ಲಿ ಕಬ್ಬಿಣ ಹೊತ್ತೊಯ್ಯುವ ಟ್ರಾನ್ಸ್‌ಫೆರಿನ್ ಪ್ರೋಟೀನಿನ ಗ್ರಾಹಕವನ್ನು ತೆಗೆದು ಕಂದು ಕೊಬ್ಬಿಗೆ ಕಬ್ಬಿಣ ಸಿಗದಂತೆ ಮಾಡಿದರೆ ಇಲಿಗಳಿಗೆ ಚಳಿ ತಡೆಯಲಾಗುವುದಿಲ್ಲ. ಬಿಳಿ ಕೊಬ್ಬಿನಲ್ಲಿ ಹೆಚ್ಚಾದರೆ ಕೆಡುಕು, ಕಂದು ಕೊಬ್ಬಿನಲ್ಲಿ ಕಡಿಮೆಯಾದರೂ ಕೆಡುಕು. ‘ಕಬ್ಬಿಣ ಕಡಿಮೆ ಮಾಡಿ ತೂಕ ಇಳಿಸಿ’ ಎಂಬ ಜಾಹೀರಾತು ಯಾವತ್ತಾದರೂ ಕಣ್ಣಿಗೆ ಬಿದ್ದರೆ ನಂಬಬೇಡಿ.

ರಕ್ತಪರೀಕ್ಷೆಯಲ್ಲಿ ಎರಡು ಮುಖ

ಬೊಜ್ಜಿನವರ ರಕ್ತದಲ್ಲಿ ಎರಡು ವಿರುದ್ಧ ಚಿತ್ರಗಳು ಕಾಣುತ್ತವೆ. ಮುಟ್ಟಾಗುವ ಮಹಿಳೆಯರು, ಮಕ್ಕಳು ಮತ್ತು ಹದಿಹರೆಯದವರಲ್ಲಿ ಮೇಲೆ ಹೇಳಿದಂತೆ ಕೊರತೆ. ಮಧ್ಯವಯಸ್ಸಿನ ಗಂಡಸರಲ್ಲಿ, ಮುಟ್ಟು ನಿಂತ ಮಹಿಳೆಯರಲ್ಲಿ, ಅದರಲ್ಲೂ ಹೊಟ್ಟೆಯ ಬೊಜ್ಜು ಮತ್ತು ಕೊಬ್ಬಿನ ಯಕೃತ್ತು ಇದ್ದವರಲ್ಲಿ ಫೆರಿಟಿನ್ 300, 500, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಅವರ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ಟ್ರಾನ್ಸ್‌ಫೆರಿನ್‌ನ ಎಷ್ಟು ಪಾಲು ಕಬ್ಬಿಣದಿಂದ ತುಂಬಿದೆ ಎಂಬ ಲೆಕ್ಕ) ಮಾತ್ರ ಸಾಮಾನ್ಯ ಮಟ್ಟದಲ್ಲೇ ಇರುತ್ತದೆ. ಫ್ರಾನ್ಸಿನ ವೈದ್ಯರು 1997ರಲ್ಲಿ ಇದನ್ನು ಪ್ರತ್ಯೇಕ ಸ್ಥಿತಿಯೆಂದು ಗುರುತಿಸಿದರು, ಯಕೃತ್ತಿನಲ್ಲಿ ಸ್ವಲ್ಪ ಹೆಚ್ಚು ಕಬ್ಬಿಣ ಸೇರಿರುವುದನ್ನು ತೋರಿಸಿದರು.

ಆಗ ಹಲವರಿಗೆ ಹೊಳೆಯುವ ಉಪಾಯ ರಕ್ತ ತೆಗೆಸುವುದು. 350 ಮಿಲಿಲೀಟರ್ ರಕ್ತ ಕೊಟ್ಟರೆ 150 ಮಿಲಿಗ್ರಾಂ ಅಥವಾ ಸ್ವಲ್ಪ ಹೆಚ್ಚು ಕಬ್ಬಿಣ ಹೋಗುತ್ತದೆ. ತರ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಫ್ರಾನ್ಸಿನಲ್ಲಿ 274 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರಕ್ತ ತೆಗೆದವರ ಫೆರಿಟಿನ್ ಇಳಿಯಿತೇ ಹೊರತು ಸಕ್ಕರೆಯ ಮಟ್ಟ ಸುಧಾರಿಸಲಿಲ್ಲ. ರಕ್ತದಾನ ಮಾಡಬೇಕು, ಇನ್ನೊಬ್ಬರ ಜೀವಕ್ಕಾಗಿ ಮಾಡಬೇಕು. ಅದನ್ನು ಇನ್ಸುಲಿನ್ ಪ್ರತಿರೋಧದ ಚಿಕಿತ್ಸೆಯೆಂದು ಭಾವಿಸಬಾರದು. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಶೇಕಡಾ 45 ದಾಟಿ ಫೆರಿಟಿನ್ ಕೂಡ ಏರಿದ್ದರೆ ವಿಷಯ ಬೇರೆ. ಆನುವಂಶಿಕ ಕಬ್ಬಿಣ ಶೇಖರಣೆ, ಮದ್ಯ, ಹೆಪಟೈಟಿಸ್, ಪದೇಪದೇ ರಕ್ತ ಏರಿಸಿಕೊಂಡದ್ದು ಇವುಗಳನ್ನು ವೈದ್ಯರು ನೋಡಬೇಕಾಗುತ್ತದೆ.

ಈಗ ಮೊದಲ ವರದಿಯನ್ನು ಓದೋಣ. ಫೆರಿಟಿನ್ ಕಬ್ಬಿಣದ ದಾಸ್ತಾನನ್ನು ಹೇಳುತ್ತದೆ, ಉರಿಯೂತವಿದ್ದಾಗ ಸುಮ್ಮನೆ ಏರುವ ಪ್ರೋಟೀನ್ ಕೂಡ ಅದೇ. ಆರೋಗ್ಯವಂತ ವಯಸ್ಕರಲ್ಲಿ 15ಕ್ಕಿಂತ ಕಡಿಮೆ ಇದ್ದರೆ ಕೊರತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉರಿಯೂತ ಅಥವಾ ಸೋಂಕು ಇದ್ದವರಲ್ಲಿ ಆ ಗೆರೆಯನ್ನು 70ಕ್ಕೆ ಏರಿಸಬೇಕೆಂದು 2020ರ ಮಾರ್ಗಸೂಚಿ ತಿಳಿಸಿದೆ. ಆಕೆಯ ಸಿಆರ್‌ಪಿ 9, ಅಂದರೆ ಸಾಮಾನ್ಯವಾಗಿ ಗೆರೆಯೆಂದು ಹಿಡಿಯುವ 5ಕ್ಕಿಂತ ಹೆಚ್ಚು. ಹಾಗಾಗಿ 62 ಎಂಬ ಫೆರಿಟಿನ್ ಕೊರತೆಯ ಕಡೆಯೇ ಬೀಳುತ್ತದೆ. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಲೆಕ್ಕ ಹಾಕುವುದು ಸುಲಭ: ಸೀರಂ ಐರನ್ನನ್ನು ಟಿಐಬಿಸಿಯಿಂದ ಭಾಗಿಸಿ 100ರಿಂದ ಗುಣಿಸಿ. 42 ಭಾಗಿಸು 360, ಸುಮಾರು ಶೇಕಡಾ 12. ಶೇಕಡಾ 20ಕ್ಕಿಂತ ಕೆಳಗಿದ್ದರೆ ಮೂಳೆಮಜ್ಜೆಗೆ ಕಬ್ಬಿಣ ಸಾಲುತ್ತಿಲ್ಲ ಎಂದೇ ಅರ್ಥ. ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ 12 ಇರಬೇಕು, ಗಂಡಸರಿಗೆ 13. ಆಕೆಗೆ ರಕ್ತಹೀನತೆಯೂ ಇದೆ.

ಪರೀಕ್ಷೆಯಲ್ಲೇ ಕೆಲವು ಎಡವಟ್ಟುಗಳಾಗುತ್ತವೆ. ಸೀರಂ ಐರನ್ ದಿನದ ಹೊತ್ತಿನೊಂದಿಗೆ ಏರಿಳಿಯುತ್ತದೆ, ಕಬ್ಬಿಣದ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಜಿಗಿಯುತ್ತದೆ. ಬೆಳಿಗ್ಗೆ ಖಾಲಿಹೊಟ್ಟೆಯಲ್ಲಿ, ಹಿಂದಿನ ದಿನದ ಮಾತ್ರೆ ಬಿಟ್ಟು ರಕ್ತ ಕೊಡುವುದು ಒಳ್ಳೆಯದು. ಜ್ವರ, ಹಲ್ಲಿನ ಬಾವು, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದರೆ ಎರಡು ಮೂರು ವಾರ ಕಾಯಿರಿ. ಸಿಆರ್‌ಪಿ ಇಲ್ಲದೆ ಫೆರಿಟಿನ್ ಒಂದನ್ನೇ ಮಾಡಿಸಿದರೆ ಬೊಜ್ಜಿನವರಲ್ಲಿ ಅರ್ಧ ಮಾಹಿತಿ ಸಿಕ್ಕಂತೆ. ಗೊಂದಲ ಉಳಿದರೆ ಸೊಲ್ಯುಬಲ್ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಪರೀಕ್ಷೆ ಉಪಯುಕ್ತ. ನಿಜವಾದ ಕೊರತೆಯಲ್ಲಿ ಅದು ಏರುತ್ತದೆ, ಉರಿಯೂತ ಅದನ್ನು ಅಷ್ಟಾಗಿ ಅಲುಗಿಸುವುದಿಲ್ಲ. ಎಲ್ಲ ಲ್ಯಾಬ್‌ಗಳಲ್ಲಿ ಸಿಗುವುದಿಲ್ಲ, ಬೆಲೆಯೂ ಹೆಚ್ಚು.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಪರೀಕ್ಷೆ) ಇರುವುದಕ್ಕಿಂತ ಹೆಚ್ಚಾಗಿ ತೋರಬಹುದು. ಗ್ಲೂಕೋಮೀಟರಿನ ಸಂಖ್ಯೆಗೂ ಎಚ್‌ಬಿಎ1ಸಿಗೂ ತಾಳೆಯಾಗದಿದ್ದರೆ ಔಷಧಿ ಏರಿಸುವ ಮೊದಲು ಹಿಮೋಗ್ಲೋಬಿನ್ ನೋಡುವುದು ಸರಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕೊರತೆಯೂ ಸೇರಿಕೊಂಡು ರಕ್ತಕಣದ ಗಾತ್ರ ಸಾಮಾನ್ಯವೆಂಬಂತೆ ಕಾಣಿಸಬಹುದು, ಎರಡೂ ಕೊರತೆಗಳು ಒಂದನ್ನೊಂದು ಮುಚ್ಚಿಡುತ್ತವೆ.

ಮಾತ್ರೆ: ಎಷ್ಟು, ಯಾವಾಗ, ಏಕೆ ಫಲಿಸುವುದಿಲ್ಲ

ಮಾತ್ರೆಯ ಮೇಲೆ ಬರೆದ ಲವಣದ ತೂಕ ಬೇರೆ, ಅದರಲ್ಲಿರುವ ಕಬ್ಬಿಣದ ತೂಕ ಬೇರೆ. ಫೆರಸ್ ಫ್ಯೂಮರೇಟ್‌ನಲ್ಲಿ ಸುಮಾರು ಮೂರನೇ ಒಂದು ಭಾಗ ಕಬ್ಬಿಣ, ಒಣ ಫೆರಸ್ ಸಲ್ಫೇಟ್ 200 ಮಿಲಿಗ್ರಾಂನಲ್ಲಿ ಸುಮಾರು 65, ಫೆರಸ್ ಗ್ಲುಕೋನೇಟ್‌ನಲ್ಲಿ ಶೇಕಡಾ 12ರಷ್ಟು ಮಾತ್ರ. ‘ಎಲಿಮೆಂಟಲ್ ಐರನ್’ ಎಂಬ ಸಾಲನ್ನು ಹುಡುಕಿ ನೋಡಿ. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ವಯಸ್ಕರ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿದೆ.

60 ಮಿಲಿಗ್ರಾಂ ಅಥವಾ ಹೆಚ್ಚಿನ ಒಂದು ಡೋಸ್ ನುಂಗಿದರೆ ಹೆಪ್ಸಿಡಿನ್ ತಾನೇ ಏರಿ ಸುಮಾರು 24 ಗಂಟೆ ಹಾಗೇ ಇರುತ್ತದೆ. ಮಾರನೆಯ ದಿನದ ಮಾತ್ರೆ ಮುಚ್ಚಿದ ಬಾಗಿಲಿಗೆ ಹೋಗಿ ಬಡಿಯುತ್ತದೆ. 2017ರಲ್ಲಿ ಪ್ರಕಟವಾದ ಜ್ಯೂರಿಕ್ ಪ್ರಯೋಗದಲ್ಲಿ, ಕಬ್ಬಿಣ ಕಡಿಮೆಯಿದ್ದ ಯುವತಿಯರು ಪ್ರತಿದಿನ ತೆಗೆದುಕೊಂಡಾಗ ಶೇಕಡಾ 16.3, ದಿನ ಬಿಟ್ಟು ದಿನ ತೆಗೆದುಕೊಂಡಾಗ ಶೇಕಡಾ 21.8 ಹೀರಿಕೊಂಡರು. ಬೊಜ್ಜಿನವರಲ್ಲಿ ಹೆಪ್ಸಿಡಿನ್ ಮೊದಲೇ ಏರಿರುವುದರಿಂದ ದಿನಕ್ಕೆ ಎರಡು ಮೂರು ಮಾತ್ರೆ ತುರುಕುವುದರಲ್ಲಿ ಅರ್ಥವಿಲ್ಲ. ಹೀರದೆ ಉಳಿದ ಕಬ್ಬಿಣ ದೊಡ್ಡ ಕರುಳಿಗೆ ಇಳಿದು ಮಲಬದ್ಧತೆ, ಹೊಟ್ಟೆನೋವು ತರುತ್ತದೆ, ಜನ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಒಂದೇ ಡೋಸ್, ಬೆಳಿಗ್ಗೆ, ಖಾಲಿಹೊಟ್ಟೆಯಲ್ಲಿ, ದಿನ ಬಿಟ್ಟು ದಿನ ಎಂಬ ಕ್ರಮವನ್ನು ವೈದ್ಯರೊಂದಿಗೆ ಮಾತಾಡಿ ಆರಿಸಿಕೊಳ್ಳಬಹುದು. ಗರ್ಭಿಣಿಯರು ಮಾತ್ರ ತಾವಾಗಿಯೇ ಡೋಸ್ ಬದಲಿಸಬಾರದು.

ನಿಂಬೆರಸದೊಂದಿಗೆ ತೆಗೆದುಕೊಂಡರೆ ಸಾಕು ಎಂಬ ಸಲಹೆ ಬೊಜ್ಜಿನವರಲ್ಲಿ ಅಷ್ಟು ಕೆಲಸ ಮಾಡುವುದಿಲ್ಲ. 2015ರ ಅಧ್ಯಯನವೊಂದರಲ್ಲಿ ವಿಟಮಿನ್ ಸಿ ಸೇರಿಸಿದಾಗ ಸಾಮಾನ್ಯ ತೂಕದ ಮಹಿಳೆಯರ ಹೀರಿಕೆ ಶೇಕಡಾ 56 ಹೆಚ್ಚಿತು, ತೂಕ ಹೆಚ್ಚಿದ್ದವರಲ್ಲಿ ಶೇಕಡಾ 28 ಮಾತ್ರ. ಕಾರಣ ಸ್ಪಷ್ಟ: ವಿಟಮಿನ್ ಸಿ ಕಬ್ಬಿಣವನ್ನು ಕರುಳಿನ ಕೋಶದೊಳಕ್ಕೆ ತರಲು ಸಹಾಯ ಮಾಡುತ್ತದೆ, ಅಲ್ಲಿಂದ ರಕ್ತಕ್ಕೆ ದಾಟಿಸುವ ಫೆರೋಪೋರ್ಟಿನ್ ಮೇಲೆ ಅದರ ಕೈ ನಡೆಯುವುದಿಲ್ಲ.

ಸರಿಯಾಗಿ ತೆಗೆದುಕೊಂಡರೆ ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಕನಿಷ್ಠ 1 ಗ್ರಾಂ ಏರಬೇಕು. ಏರದಿದ್ದರೆ ಕಾರಣ ಹುಡುಕಬೇಕು, ಡೋಸ್ ಏರಿಸುವುದು ಉತ್ತರವಲ್ಲ. ಪ್ಯಾಂಟಪ್ರಜೋಲ್‌ನಂಥ ‘ಗ್ಯಾಸ್ ಮಾತ್ರೆ’ಯನ್ನು ತಿಂಗಳುಗಟ್ಟಲೆ ನುಂಗುವವರಲ್ಲಿ ಹೊಟ್ಟೆಯ ಆಮ್ಲ ಕಡಿಮೆಯಾಗಿ ಕಬ್ಬಿಣ ಕರಗುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಗೂ ಕಬ್ಬಿಣಕ್ಕೂ ಎರಡು ಗಂಟೆ ಅಂತರ ಬೇಕು. ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆಯೇ ಕೆಲಸ ಮಾಡದು. ಮುಟ್ಟಿನ ರಕ್ತಸ್ರಾವ ಹೆಚ್ಚಿರಬಹುದು. ಗಂಡಸರಲ್ಲಿ ಮತ್ತು ಮುಟ್ಟು ನಿಂತವರಲ್ಲಿ ಕಬ್ಬಿಣ ಕೊರತೆ ಕಂಡರೆ ಜಠರ, ಕರುಳಿನಿಂದ ರಕ್ತ ಸೋರುತ್ತಿದೆಯೇ ಎಂದು ನೋಡದೆ ಬೊಜ್ಜಿನ ಮೇಲೆ ಹೊರೆ ಹಾಕಿ ಸುಮ್ಮನಾಗುವುದು ತಪ್ಪು. ಕರುಳಿನ ಕ್ಯಾನ್ಸರ್ ಹೀಗೆ ತಡವಾಗಿ ಸಿಕ್ಕಿಬೀಳುತ್ತದೆ. ಎಲ್ಲವೂ ಸರಿಯಿದ್ದೂ ಏರದಿದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಡಬಹುದು. ಅದು ಕರುಳಿನ ತಡೆಯನ್ನು ದಾಟಿಹೋಗುತ್ತದೆ, ಆದರೆ ಆಸ್ಪತ್ರೆಯಲ್ಲೇ, ನಿಗಾದಲ್ಲೇ ಆಗಬೇಕು.

ಊಟದ ವಿಷಯ ಬೇಗ ಹೇಳಿ ಮುಗಿಸಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣವಿದೆ, ಆದರೆ ಅದರ ಫೈಟೇಟ್ ಮತ್ತು ಪಾಲಿಫಿನಾಲ್‌ಗಳು ಬಹುಭಾಗವನ್ನು ಕಟ್ಟಿಹಾಕುತ್ತವೆ. ಮೊಳಕೆ ಕಟ್ಟಿದ ರಾಗಿ, ಹುದುಗು ಬಂದ ಹಿಟ್ಟು, ನೆನೆಸಿದ ಕಾಳು ಇವು ಆ ಕಟ್ಟನ್ನು ಸಡಿಲಿಸುತ್ತವೆ. ಹೆಸರುಕಾಳಿನ ಉಸಲಿಗೆ, ಕೋಸಂಬರಿಗೆ ನಿಂಬೆ ಹಿಂಡುವುದು, ಊಟದ ಜೊತೆ ಸೀಬೆ ಅಥವಾ ನೆಲ್ಲಿಕಾಯಿ ಇರುವುದು ಒಳ್ಳೆಯದು. ಊಟದೊಂದಿಗೆ ಕುಡಿದ ಕಾಫಿ ಕಬ್ಬಿಣದ ಹೀರಿಕೆಯನ್ನು ಸುಮಾರು ಶೇಕಡಾ 40, ಚಹಾ ಸುಮಾರು ಶೇಕಡಾ 60 ತಗ್ಗಿಸುತ್ತದೆ, ಆದ್ದರಿಂದ ತಿಂಡಿ ಮುಗಿದ ಕೂಡಲೇ ಕಾಫಿ ಬೇಡ, ಒಂದು ಗಂಟೆಯಾದರೂ ಬಿಡಿ. ರಕ್ತ ಹೆಚ್ಚಲಿ ಎಂದು ಬೆಲ್ಲ, ಖರ್ಜೂರ ದಿನವೂ ತಿನ್ನುವ ರೂಢಿ ಇದೆ. ಬೊಜ್ಜಿದ್ದವರಿಗೆ ಅದರಿಂದ ಸಿಗುವ ಕಬ್ಬಿಣ ಅಲ್ಪ, ಸೇರುವ ಸಕ್ಕರೆ ಬಹಳ. ಮಾಂಸಾಹಾರಿಗಳಿಗೆ ಮಾಂಸದ ಹೀಮ್ ಕಬ್ಬಿಣ ಶೇಕಡಾ 15ರಿಂದ 35ರವರೆಗೆ ದಕ್ಕುತ್ತದೆ. ಅದೂ ಕೊನೆಗೆ ಹೊರಬರಬೇಕಾದದ್ದು ಫೆರೋಪೋರ್ಟಿನ್ ಮೂಲಕವೇ.

ತೂಕ ಇಳಿದಾಗ, ಶಸ್ತ್ರಚಿಕಿತ್ಸೆಯಾದಾಗ

ಮೂಲ ತೊಂದರೆ ಕೊಬ್ಬಿನ ಉರಿಯೂತವಾದ್ದರಿಂದ ಕೊಬ್ಬು ಕರಗಿದರೆ ಕಬ್ಬಿಣದ ದಾರಿಯೂ ತೆರೆಯಬೇಕು. ಮೆಕ್ಸಿಕೋದ ಮಹಿಳೆಯರಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಆರು ತಿಂಗಳ ನಂತರ ಅಳೆದಾಗ ಹೆಪ್ಸಿಡಿನ್ ಮತ್ತು ಇಂಟರ್‌ಲ್ಯೂಕಿನ್-6 ಎರಡೂ ಇಳಿದಿದ್ದವು, ಕಬ್ಬಿಣ ಕೊರತೆಯಿದ್ದವರಲ್ಲಿ ಹೀರಿಕೆ ಹೆಚ್ಚಿತ್ತು. ಭಾರತೀಯರಲ್ಲಿ ಕಡಿಮೆ ತೂಕದಲ್ಲೇ ಹೊಟ್ಟೆಯ ಒಳಗಿನ ಕೊಬ್ಬು ಸೇರುವುದರಿಂದ ಬಿಎಂಐ 23 ದಾಟಿದರೇ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಎಣಿಸುತ್ತಾರೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು. ತೂಕದ ಯಂತ್ರಕ್ಕಿಂತ ಈ ಅಳತೆಪಟ್ಟಿ ಕೊಬ್ಬಿನ ಅಂಗಾಂಶದ ಸ್ಥಿತಿಯನ್ನು ಹೆಚ್ಚು ಚೆನ್ನಾಗಿ ಹೇಳುತ್ತದೆ.

ತೂಕ ಇಳಿಸಲು ಊಟವನ್ನೇ ಬಿಡುವವರು ಮಾತ್ರ ಎಚ್ಚರದಿಂದಿರಬೇಕು. ದಿನಕ್ಕೆ ಸಾವಿರ ಕ್ಯಾಲೊರಿಗೆ ಇಳಿದಾಗ ಕಬ್ಬಿಣವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಉರಿಯೂತ ತಗ್ಗುವ ಮೊದಲೇ ದಾಸ್ತಾನು ಬರಿದಾಗಬಹುದು. ಕಾಳು, ಸೊಪ್ಪು, ಮೊಟ್ಟೆ, ಮೀನು ತಟ್ಟೆಯಲ್ಲಿ ಉಳಿಯಲಿ. ಕಡಿಮೆಯಾಗಬೇಕಾದದ್ದು ಎಣ್ಣೆ, ಸಕ್ಕರೆ, ಬಿಳಿ ಅನ್ನದ ರಾಶಿ.

ಜಠರವನ್ನು ಚಿಕ್ಕದಾಗಿಸಿ ಸಣ್ಣ ಕರುಳಿನ ಕೆಳಭಾಗಕ್ಕೆ ಜೋಡಿಸುವ, ತೂಕ ಇಳಿಸುವ ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಇನ್ನೊಂದು ತೊಡಕಿದೆ. ಹೆಪ್ಸಿಡಿನ್ ಇಳಿದು ದಾರಿ ತೆರೆದರೂ, ಕಬ್ಬಿಣ ಮುಖ್ಯವಾಗಿ ಹೀರಲ್ಪಡುವ ಡುಯೋಡಿನಮ್ ಎಂಬ ಸಣ್ಣ ಕರುಳಿನ ಮೊದಲ ಭಾಗವನ್ನೇ ಆಹಾರ ದಾಟಿಹೋಗುತ್ತದೆ. ಜಠರ ಚಿಕ್ಕದಾಗಿ ಆಮ್ಲವೂ ಕಡಿಮೆ, ಮಾಂಸ ಅರಗಿಸುವುದೂ ಕಷ್ಟ. ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಡುಯೋಡಿನಮ್ ಉಳಿಯುತ್ತದೆ, ಆಮ್ಲದ ತೊಂದರೆ ಇದ್ದೇ ಇರುತ್ತದೆ. ಆದ್ದರಿಂದ ಅಮೆರಿಕದ ಬೊಜ್ಜು ಶಸ್ತ್ರಚಿಕಿತ್ಸಕರ ಸಂಘದ ಮಾರ್ಗಸೂಚಿ, ಮುಟ್ಟಾಗುವ ಮಹಿಳೆಯರಿಗೂ ಬೈಪಾಸ್ ಅಥವಾ ಸ್ಲೀವ್ ಆದವರಿಗೂ ದಿನಕ್ಕೆ 45ರಿಂದ 60 ಮಿಲಿಗ್ರಾಂ ಎಲಿಮೆಂಟಲ್ ಕಬ್ಬಿಣ ಹೇಳುತ್ತದೆ, ಕಡಿಮೆ ಅಪಾಯದ ಗಂಡಸರಿಗೆ 18. ಇದರಲ್ಲಿ ಮಲ್ಟಿವಿಟಮಿನ್ ಮಾತ್ರೆಯ ಕಬ್ಬಿಣವೂ ಸೇರಿದೆ, ಅದನ್ನು ಬೇರೆಯಾಗಿ ಎಣಿಸಬೇಡಿ. ಶಸ್ತ್ರಚಿಕಿತ್ಸೆಗೆ ಮೊದಲೇ ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಸಿಆರ್‌ಪಿ ಮಾಡಿಸಿ ಕೊರತೆ ತುಂಬಿಸಿಕೊಳ್ಳಬೇಕು, ನಂತರ ತುಂಬಿಸುವುದು ಬಲು ಕಷ್ಟ. ಆಮೇಲೆ ಮೂರು ತಿಂಗಳೊಳಗೆ ಒಮ್ಮೆ, ಮೊದಲ ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಅನಂತರ ಜೀವನಪೂರ್ತಿ ವರ್ಷಕ್ಕೊಮ್ಮೆ ಇವೇ ಪರೀಕ್ಷೆಗಳು. ಉರಿಯೂತ ಇಳಿದ ಮೇಲೆ ಫೆರಿಟಿನ್ ತಾನಾಗಿ ಕೆಳಗೆ ಬರುತ್ತದೆ. ಆಗ 70ರ ಗೆರೆಯನ್ನು ಬಿಟ್ಟು 15ರ ಗೆರೆಯಿಂದ ಅಳೆಯಬೇಕು, ಅದಕ್ಕಾಗಿಯೇ ಪ್ರತಿ ಸಲವೂ ಪಕ್ಕದಲ್ಲಿ ಸಿಆರ್‌ಪಿ ಬೇಕು.